ಒಂದು ಜೊತೆ ಒಣ ಬಟ್ಟೆ

ನನ್ನ ಫೋನಿನಲ್ಲಿ ಹದಿನಾಲ್ಕು ಸೆಕೆಂಡಿನ ಒಂದು ವಿಡಿಯೊ ಇದೆ. ಹೋದ ವರ್ಷ ಜುಲೈನಲ್ಲಿ ಮೂಡಿಗೆರೆ ಕಡೆ ಕ್ಯಾಂಪಿಂಗ್‌ಗೆ ಹೋದಾಗ ತೆಗೆದಿದ್ದು. ಹೊರಗೆ ಮಳೆ. ನಮ್ಮ ಗುಂಪಿನ ಗೆಳೆಯನೊಬ್ಬ ಟೆಂಟಿನ ಜಿಪ್ ಎಳೆಯೋಕೆ ಒದ್ದಾಡ್ತಾ ಇದ್ದಾನೆ. ಮೂರು ಸಲ ಹಿಡೀತಾನೆ, ಮೂರು ಸಲವೂ ಬೆರಳು ಜಾರುತ್ತೆ. ಆಮೇಲೆ ಕ್ಯಾಮೆರಾ ಕಡೆ ತಿರುಗಿ, ತೊದಲುತ್ತಾ, ‘ಮತ್ತಿಕೆರೆ ಬಸ್ ಬಂತಾ?’ ಅಂತಾನೆ. ಹಿಂದಿನಿಂದ ಎಲ್ಲರೂ ನಗೋದು ಕೇಳಿಸುತ್ತೆ. ಅದರಲ್ಲಿ ಎಲ್ಲರಿಗಿಂತ ಜೋರಾದ ನಗು ನನ್ನದು.

ಅವನು ತಮಾಷೆ ಮಾಡ್ತಾ ಇರಲಿಲ್ಲ.

ಅದು ನಮಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಆ ಕಾಫಿ ತೋಟದ ರೈಟರಿಗೆ. ಕೊಡೆ ಹಿಡಿದು ಲೈಟ್ ಸರಿ ಮಾಡೋಕೆ ಬಂದಿದ್ದ ಅವರು ಒಂದು ನಿಮಿಷ ಅವನನ್ನೇ ನೋಡಿ, ‘ನಗಬೇಡಿ ಮಾರಾಯ್ರೆ, ಚಳಿ ಒಳಗೆ ಹೋಗಿದೆ’ ಅಂದರು. ಅವನನ್ನು ತೋಳು ಹಿಡಿದು ತಮ್ಮ ಮನೆಯ ಅಡುಗೆಮನೆಗೆ ಕರೆದುಕೊಂಡು ಹೋದರು. ಒದ್ದೆ ಬಟ್ಟೆ ಪೂರ್ತಿ ತೆಗೆಸಿ, ತಮ್ಮದೇ ಪಂಚೆ ಉಡಿಸಿ, ಎರಡು ಕಂಬಳಿ ಹೊದಿಸಿ, ಬೆಲ್ಲದ ಕಾಫಿಯನ್ನು ಗುಟುಕು ಗುಟುಕಾಗಿ ಕುಡಿಸಿದರು. ನಮ್ಮಲ್ಲೊಬ್ಬ ‘ಸ್ವಲ್ಪ ರಮ್ ಹಾಕಿದ್ರೆ ಬೇಗ ಬಿಸಿ ಆಗುತ್ತೆ’ ಅಂತ ಬಾಟಲಿ ತಂದ. ರೈಟರು ಅದನ್ನು ಇಸ್ಕೊಂಡು ಕಪಾಟಿನ ಮೇಲಿಟ್ಟರು. ಮುಕ್ಕಾಲು ಗಂಟೆ ಆದಮೇಲೆ ಗೆಳೆಯ, ‘ನಾನು ಯಾಕೆ ಪಂಚೆಯಲ್ಲಿದ್ದೀನಿ?’ ಅಂತ ಕೇಳಿದ. ಆಗ ನನಗೆ ಕಾಲು ನಡುಗೋಕೆ ಶುರುವಾಯಿತು.

ಟ್ರಿಪ್ ಪ್ಲ್ಯಾನ್ ಮಾಡಿದ್ದು ನಾನು.

ವಾಪಸ್ ಬಂದ ಎರಡನೇ ದಿನ ತರಕಾರಿ ಅಂಗಡಿ ಹತ್ತಿರ ಅವನ ಅಮ್ಮ ಸಿಕ್ಕಿದರು. ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವರ ಮನೆ. ‘ಇವನು ಏನೂ ಹೇಳ್ತಾನೇ ಇಲ್ಲ, ಟ್ರಿಪ್ ಚೆನ್ನಾಗಿತ್ತಾ?’ ಅಂತ ಕೇಳಿದರು. ‘ಸೂಪರ್ ಆಂಟಿ’ ಅಂದೆ. ಆ ಒಂದು ಮಾತು ವರ್ಷವಿಡೀ ಹಲ್ಲಿನ ಸಂದಿಯ ನಾರಿನ ಹಾಗೆ ಚುಚ್ಚುತ್ತಾ ಇತ್ತು.

ಈ ವರ್ಷ ಮತ್ತೆ ಅದೇ ಗುಂಪು, ಅದೇ ಮಳೆಗಾಲ. ಈ ಸಲ ಹೇಗೆ ಪ್ಲ್ಯಾನ್ ಮಾಡಿದ್ವಿ ಅನ್ನೋದನ್ನ ಬರೀತೀನಿ. ನಿಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲೂ ಈಗ ಯಾರೋ ಒಬ್ಬರು ‘ಮಲ್ನಾಡ್ ಪ್ಲ್ಯಾನ್?’ ಅಂತ ಮೆಸೇಜ್ ಹಾಕಿರ್ತಾರೆ, ಏಳು ಜನ ಥಂಬ್ಸ್ ಅಪ್ ಒತ್ತಿರ್ತಾರೆ. ಅವರಿಗೆ ಇದನ್ನ ಫಾರ್ವರ್ಡ್ ಮಾಡಿ.

18 ಡಿಗ್ರಿಯಲ್ಲಿ ಏನು ಚಳಿ?

ಅವತ್ತು ಸಂಜೆ ಫೋನು 18 ಡಿಗ್ರಿ ತೋರಿಸ್ತಾ ಇತ್ತು. ನಮ್ಮ ಆಫೀಸಿನ ಮೀಟಿಂಗ್ ರೂಮಿನ ಎಸಿಯೂ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಹಾಗಾಗಿ ಚಳಿಯ ಬಗ್ಗೆ ಯಾರೂ ಯೋಚನೆ ಮಾಡಿರಲಿಲ್ಲ. ನಾವು ಯೋಚಿಸಿದ್ದು ಇಂಬಳದ ಬಗ್ಗೆ ಮಾತ್ರ.

ಲೆಕ್ಕ ತಪ್ಪಿದ್ದೇ ಅಲ್ಲಿ. ಮೀಟಿಂಗ್ ರೂಮಿನಲ್ಲಿ ನಾವು ಒದ್ದೆಯಾಗಿರಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿ ಎಳೆದುಕೊಳ್ಳುತ್ತೆ. ಅದರ ಮೇಲೆ ಗಾಳಿ ಬೀಸಿದರೆ ಬಟ್ಟೆಯ ನೀರು ಆವಿಯಾಗುತ್ತಾ ಇನ್ನಷ್ಟು ಬಿಸಿ ಕದಿಯುತ್ತೆ. ಎತ್ತರವೂ ಸೇರಿಕೊಳ್ಳುತ್ತೆ: ಪ್ರತಿ 100 ಮೀಟರ್ ಮೇಲೇರಿದಾಗ ಸುಮಾರು 0.6 ಡಿಗ್ರಿ ಕಡಿಮೆ. ಬೆಂಗಳೂರು ಇರೋದೇ 900 ಮೀಟರ್ ಆಸುಪಾಸಿನಲ್ಲಿ. 1,930 ಮೀಟರಿನ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಇನ್ನೂ ಆರು ಡಿಗ್ರಿ ಕಮ್ಮಿ ಅಂತ ಇಟ್ಟುಕೊಳ್ಳಿ.

ನಮ್ಮ ಮೈಯ ಒಳಗಿನ ತಾಪಮಾನ ಸುಮಾರು 37 ಡಿಗ್ರಿ. ಅದು 35ಕ್ಕಿಂತ ಕೆಳಗೆ ಇಳಿದರೆ ಹೈಪೊಥರ್ಮಿಯಾ. ಹಿಮಾಲಯದಲ್ಲಿ ಮಾತ್ರ ಆಗೋದು ಅಂದುಕೊಂಡಿದ್ದೆ. ಹಿಮವೇ ಬೇಕಿಲ್ಲ. ಒದ್ದೆ ಜೀನ್ಸ್, ಗಾಳಿ, ಸುಸ್ತು, ಖಾಲಿ ಹೊಟ್ಟೆ ಇಷ್ಟಿದ್ದರೆ ಸಾಕು. ನಮ್ಮ ಗೆಳೆಯ ಅವತ್ತು ಜೀನ್ಸ್ ಮತ್ತು ಹತ್ತಿಯ ಹೂಡಿ ಹಾಕಿಕೊಂಡು ಐದು ಗಂಟೆ ಗುಡ್ಡ ಹತ್ತಿಳಿದಿದ್ದ, ಮಧ್ಯಾಹ್ನ ತಿಂದಿದ್ದು ಒಂದು ಪ್ಯಾಕೆಟ್ ಚಿಪ್ಸ್.

ಲಕ್ಷಣಗಳು ಬರೋ ಕ್ರಮ ನೆನಪಿಟ್ಟುಕೊಳ್ಳಿ. ಮೊದಲು ನಡುಕ. ಆಮೇಲೆ ಕೈ ಹಿಡಿತ ತಪ್ಪುತ್ತೆ: ಜಿಪ್ ಬರಲ್ಲ, ಲೋಟ ಜಾರುತ್ತೆ. ಆಮೇಲೆ ಮಾತು ತೊದಲುತ್ತೆ, ಸಂಬಂಧವಿಲ್ಲದ ಮಾತು ಬರುತ್ತೆ. ಬೆಚ್ಚಗಾಗದೆಯೇ ನಡುಕ ನಿಂತುಬಿಟ್ಟರೆ ಅದು ಸುಧಾರಣೆ ಅಲ್ಲ, ಅಪಾಯ. ಆ ಹೊತ್ತಿಗೆ ಆ ವ್ಯಕ್ತಿಗೆ ತನಗೇನಾಗ್ತಿದೆ ಅಂತ ಗೊತ್ತಾಗೋದೇ ಇಲ್ಲ. ಪಕ್ಕದಲ್ಲಿರೋರೇ ನೋಡಬೇಕು.

ರೈಟರು ಮಾಡಿದ್ದು ಅಕ್ಷರಶಃ ಸರಿಯಾದ ಚಿಕಿತ್ಸೆ: ಸೂರು, ಒದ್ದೆ ಬಟ್ಟೆ ತೆಗೆಯೋದು, ಒಣ ಹೊದಿಕೆ, ಎಚ್ಚರ ಇದ್ದರೆ ಮಾತ್ರ ಬಿಸಿ ಸಿಹಿ ಪಾನೀಯ. ಕೈಕಾಲು ಜೋರಾಗಿ ಉಜ್ಜಬಾರದು. ಮದ್ಯ ಬೇಡವೇ ಬೇಡ. ಅದು ಚರ್ಮದ ರಕ್ತನಾಳ ಅಗಲಿಸಿ ಬಿಸಿಯಾದ ಹಾಗೆ ಅನ್ನಿಸುತ್ತೆ, ನಿಜದಲ್ಲಿ ಒಳಗಿನ ಬಿಸಿಯನ್ನ ಹೊರಗೆ ಹಾಕುತ್ತೆ. ಗೊಂದಲ ಕಡಿಮೆ ಆಗದಿದ್ದರೆ, ನಿದ್ದೆಗೆ ಜಾರ್ತಾ ಇದ್ದರೆ 108ಕ್ಕೆ ಫೋನ್ ಮಾಡಬೇಕು, ಇಲ್ಲಾ ಆಸ್ಪತ್ರೆಗೆ ಹೊರಡಬೇಕು.

ಜಾಗ: ವ್ಯೂ ಆಮೇಲೆ, ಸೂರು ಮೊದಲು

ನಮ್ಮ ಗುಂಪಿನಲ್ಲಿ ಇಬ್ಬರಿಗೆ ಕುದುರೆಮುಖದ ಮೇಲೆ ಟೆಂಟ್ ಹಾಕಬೇಕು ಅನ್ನೋ ಆಸೆ. ಅದು ರಾಷ್ಟ್ರೀಯ ಉದ್ಯಾನ. ಒಳಗೆ ರಾತ್ರಿ ತಂಗುವ ಹಾಗಿಲ್ಲ, ಬೆಳಿಗ್ಗೆ ಹೋಗಿ ಸಂಜೆಯೊಳಗೆ ಇಳಿದುಬಿಡಬೇಕು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಲ್ಲಿ ಜಾತ್ರೆಯ ಹಾಗೆ ಜನ ಸೇರಿದ ವಿಡಿಯೊ ನೀವೂ ನೋಡಿರ್ತೀರಿ. ಅದಾದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಮತ್ತು ದಿನದ ಮಿತಿ ತಂದಿತು. ಹಾಗಾಗಿ ‘ಯಾರೂ ಕೇಳಲ್ಲ ಬಾ’ ಅನ್ನೋ ಲೋಕಲ್ ಗೈಡಿನ ಮಾತು ನಂಬಬೇಡಿ. ಮಳೆಗಾಲದಲ್ಲಿ ಕೆಲವು ದಾರಿಗಳು ಮುಚ್ಚಿಯೇ ಇರುತ್ತವೆ. ಮೊದಲು ಇಲಾಖೆಯ ಪುಟ ನೋಡಿ, ಆಮೇಲೆ ರಜೆ ಹಾಕಿ.

ಉಳಿದಿದ್ದು ಖಾಸಗಿ ತೋಟಗಳು. ಮೂಡಿಗೆರೆ, ಸಕಲೇಶಪುರ ಸುತ್ತ ಕಾಫಿ ತೋಟದ ಅಂಚಿನಲ್ಲಿ ಟೆಂಟ್ ಹಾಕಲು ಜಾಗ ಕೊಡೋರು ಬೇಕಾದಷ್ಟು ಜನ ಇದ್ದಾರೆ. ಫೋನ್ ಮಾಡಿದಾಗ ನಾನು ಈ ಸಲ ಫೋಟೊ ಕೇಳಲಿಲ್ಲ, ನಾಲ್ಕು ಪ್ರಶ್ನೆ ಕೇಳಿದೆ. ಟೆಂಟಿನಿಂದ ಐವತ್ತು ಹೆಜ್ಜೆ ಒಳಗೆ ಎಲ್ಲರೂ ಮಲಗಬಹುದಾದ ಪಕ್ಕಾ ಸೂರು ಇದೆಯಾ? ರಾತ್ರಿ ಎರಡು ಗಂಟೆಗೆ ಜೋರು ಮಳೆಯಲ್ಲೂ ಗಾಡಿ ಹೊರಗೆ ಹೋಗುತ್ತಾ, ಇಲ್ಲಾ ಮಧ್ಯೆ ಹಳ್ಳ ಇದೆಯಾ? ಹತ್ತಿರದ ಆಸ್ಪತ್ರೆ ಎಷ್ಟು ದೂರ? ಹೆಣ್ಣುಮಕ್ಕಳಿಗೆ ಒಳಗಿನಿಂದ ಚಿಲಕ ಇರೋ, ಲೈಟ್ ಇರೋ ಬಾತ್‌ರೂಮ್ ಇದೆಯಾ? ಇಬ್ಬರು ಮಾಲೀಕರು ಮೊದಲ ಪ್ರಶ್ನೆಗೇ ‘ಟೆಂಟ್ ವಾಟರ್‌ಪ್ರೂಫ್ ಮೇಡಂ, ಯಾಕೆ ಟೆನ್ಶನ್’ ಅಂದರು. ಅವರ ಹೆಸರು ಪಟ್ಟಿಯಿಂದ ಹೋಯಿತು. ಮೂರನೆಯವರು, ‘ಕಾಫಿ ಗೋದಾಮು ಈಗ ಖಾಲಿ ಇದೆ, ಬೇಕಾದ್ರೆ ಅಲ್ಲೇ ಮಲಗಿ’ ಅಂದರು. ಅವರಿಗೇ ಅಡ್ವಾನ್ಸ್ ಹಾಕಿದ್ವಿ, ತಲೆಗೆ 800 ರೂಪಾಯಿ, ಎಂಟು ಜನ.

ಟೆರೇಸ್ ಮೇಲೆ ಟೆಸ್ಟಿಂಗ್

ಸಾಫ್ಟ್‌ವೇರಿನವರು ನಾವು. ಟೆಸ್ಟ್ ಮಾಡದೆ ಕೋಡ್ ಪ್ರೊಡಕ್ಷನ್‌ಗೆ ಹಾಕಿದರೆ ಮ್ಯಾನೇಜರ್ ಬಿಡ್ತಾರಾ? ಆದರೆ ಹೋದ ವರ್ಷ ಬಾಡಿಗೆ ಟೆಂಟನ್ನು ಮೊದಲ ಸಲ ಬಿಚ್ಚಿದ್ದೇ ಮೂಡಿಗೆರೆಯ ಕತ್ತಲೆಯಲ್ಲಿ.

ಈ ಸಲ ಜೂನ್ ತಿಂಗಳ ಒಂದು ಶನಿವಾರ, ಮತ್ತಿಕೆರೆಯಲ್ಲಿ ಸಂಜೆ ಮಳೆ ಹಿಡಿದಾಗ, ನಮ್ಮ ಮನೆ ಟೆರೇಸ್ ಮೇಲೆ ಎರಡು ಟೆಂಟ್ ಹಾಕಿದ್ವಿ. ಗೂಟ ಹೊಡೆಯೋಕೆ ಮಣ್ಣಿಲ್ಲ, ಹೂವಿನ ಕುಂಡಕ್ಕೆ ಹಗ್ಗ ಕಟ್ಟಿದ್ವಿ. ಪಕ್ಕದ ಮನೆ ತಾತ ಕಿಟಕಿಯಿಂದ, ‘ಏನಮ್ಮಾ, ಮನೇಲಿ ಜಗಳಾನಾ?’ ಅಂತ ಕೇಳಿದರು.

ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಟೆಂಟಿನ ಮೇಲೆ 100 ಮಿ.ಮೀ. ಸುರಿದರೆ 400 ಲೀಟರ್, ಅಂದರೆ ಇಪ್ಪತ್ತು ಕುಡಿಯೋ ನೀರಿನ ಕ್ಯಾನ್. ಬೆಂಗಳೂರಿಗೆ ವರ್ಷಪೂರ್ತಿ ಸೇರಿ ಬೀಳೋದು ಸರಾಸರಿ 970 ಮಿ.ಮೀ. ಆಸುಪಾಸು, ಆಗುಂಬೆಗೆ 7,000 ದಾಟುತ್ತೆ. ಮಲೆನಾಡಿನಲ್ಲಿ ಒಂದೇ ರಾತ್ರಿ 100 ಮಿ.ಮೀ. ಅನ್ನೋದು ಸುದ್ದಿಯೂ ಅಲ್ಲ.

ಟೆರೇಸ್ ಕಲಿಸಿದ್ದು ಮೂರು ಪಾಠ. ಒಂದು, ಕೆಳಗೆ ಹಾಸೋ ಟಾರ್ಪಲ್ ಟೆಂಟಿನ ಅಂಚಿನಿಂದ ಹೊರಗೆ ಚಾಚಿರಬಾರದು. ನಮ್ಮದು ಅರ್ಧ ಅಡಿ ಚಾಚಿತ್ತು. ಬಿದ್ದ ಮಳೆಯನ್ನೆಲ್ಲ ಹಿಡಿದು ಟೆಂಟಿನ ಅಡಿಗೇ ತಂದು ನಿಲ್ಲಿಸಿತು. ಎರಡು, ಹೊರ ಹೊದಿಕೆ ಒಳಗಿನ ಬಟ್ಟೆಗೆ ತಾಗಬಾರದು. ತಾಗಿದ ಕಡೆಯೇ ನೀರು ಒಳಗೆ. ಹಗ್ಗ ಎಳೆದು ಬಿಗಿ ಮಾಡಬೇಕು, ಒದ್ದೆಯಾದಮೇಲೆ ಬಟ್ಟೆ ಸಡಿಲ ಆಗುತ್ತೆ, ಮಲಗೋ ಮುಂಚೆ ಮತ್ತೊಮ್ಮೆ ಬಿಗಿ ಮಾಡಬೇಕು. ಮೂರು, ಗಾಳಿಕಿಂಡಿ ಮುಚ್ಚಬಾರದು. ಚಳಿ ಅಂತ ಎಲ್ಲಾ ಮುಚ್ಚಿ ಮಲಗಿದ ಟೆಂಟಿನಲ್ಲಿ ನಮ್ಮ ಉಸಿರೇ ಹನಿಯಾಗಿ ನಮ್ಮ ಮೇಲೆ ಬಿತ್ತು. ಸೋರ್ತಿದೆ ಅಂದುಕೊಂಡಿದ್ದು ಸೋರಿಕೆಯೇ ಆಗಿರಲಿಲ್ಲ.

ಟೆಂಟಿನೊಳಗೆ ಸ್ಟೌ, ಇದ್ದಿಲ ಒಲೆ ಯಾವ ಕಾರಣಕ್ಕೂ ಬೇಡ. ಬೆಂಕಿಯ ಅಪಾಯ ಒಂದು ಕಡೆ; ಇದ್ದಿಲಿನಿಂದ ಬರೋ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೋಣೆ ಮುಚ್ಚಿ ಅಗ್ಗಿಷ್ಟಿಕೆ ಹಚ್ಚಿ ಮಲಗಿದವರು ಬೆಳಿಗ್ಗೆ ಏಳದೇ ಹೋದ ಸುದ್ದಿ ಚಳಿಗಾಲದಲ್ಲಿ ಪೇಪರಿನಲ್ಲಿ ಬರ್ತಾನೇ ಇರುತ್ತೆ.

ಚೀಲದಲ್ಲಿ ಏನಿರಬೇಕು

ನಮ್ಮ ಮೊದಲ ನಿಯಮ: ಒಂದು ಜೊತೆ ಒಣ ಬಟ್ಟೆ, ಒಳಉಡುಪು ಮತ್ತು ಸಾಕ್ಸ್ ಸಮೇತ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ಇಡಬೇಕು. ಮಲಗೋ ಹೊತ್ತಿನವರೆಗೆ ಅದನ್ನ ಮುಟ್ಟಬಾರದು. ಬೆಳಿಗ್ಗೆ ಎದ್ದು ಹೊರಗೆ ಹೋಗಬೇಕಾದರೆ ಮತ್ತೆ ಹಿಂದಿನ ದಿನದ ಒದ್ದೆ ಬಟ್ಟೆಯೇ. ಹಿಂಸೆ ಅನ್ನಿಸುತ್ತೆ, ಐದು ನಿಮಿಷ ಅಷ್ಟೇ. ಒಣ ಬಟ್ಟೆಯನ್ನೂ ನೆನೆಸಿಕೊಂಡರೆ ರಾತ್ರಿಗೆ ಏನೂ ಉಳಿಯಲ್ಲ.

ಎರಡನೆಯದು: ಮೈಗೆ ತಾಗೋ ಬಟ್ಟೆ ಹತ್ತಿಯದ್ದಾಗಬಾರದು. ಹತ್ತಿ ನೀರು ಕುಡಿದು ಹಿಡಿದಿಟ್ಟುಕೊಳ್ಳುತ್ತೆ. ಜಿಮ್‌ಗೆ ಹಾಕೋ ಪಾಲಿಯೆಸ್ಟರ್ ಟೀಶರ್ಟ್, ಮೇಲೆ ಫ್ಲೀಸ್ ಅಥವಾ ಅಮ್ಮ ಹೆಣೆದ ಉಣ್ಣೆ ಸ್ವೆಟರ್, ಅದರ ಮೇಲೆ ರೇನ್‌ಕೋಟ್. ಉಣ್ಣೆ ತುಸು ಒದ್ದೆಯಾದರೂ ಬಿಸಿ ಉಳಿಸುತ್ತೆ. ಮಲೆನಾಡಿನವರು ನಾಟಿ ಗದ್ದೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು, ಗೊರಬು ಹೊತ್ತುಕೊಂಡು ಇಳಿಯುತ್ತಿದ್ದುದು ಸುಮ್ಮನೆ ಅಲ್ಲ.

ಮೂರನೆಯದು: ಮೇಲೆ ಹೊದೆಯೋದಕ್ಕಿಂತ ಕೆಳಗೆ ಹಾಸೋದು ಮುಖ್ಯ. ಮೈಭಾರಕ್ಕೆ ಸ್ಲೀಪಿಂಗ್ ಬ್ಯಾಗಿನ ಕೆಳಭಾಗ ಚಪ್ಪಟೆಯಾಗಿ, ಒದ್ದೆ ನೆಲ ನೇರವಾಗಿ ಬಿಸಿ ಎಳೆಯುತ್ತೆ. ಯೋಗ ಮ್ಯಾಟ್ ಎರಡು ಪದರ ಹಾಕಿದ್ರೂ ಸಾಕು.

ಊಟಕ್ಕೆ ಬಾರ್ಬೆಕ್ಯೂ ಕನಸು ಬಿಡಿ. ಒದ್ದೆ ಸೌದೆ ಹೊಗೆ ಕೊಡುತ್ತೆ, ಊಟ ಕೊಡಲ್ಲ. ಗೊಜ್ಜವಲಕ್ಕಿ, ಕಡಲೆಮಿಠಾಯಿ, ಬಾಳೆಹಣ್ಣು ನಡೆಯುವಾಗ. ಸಂಜೆ ಬಿಸಿ ಗಂಜಿ, ಮೆಣಸಿನ ಸಾರು. ಮಲಗೋ ಮುಂಚೆ ತುಪ್ಪ ಹಾಕಿದ ಒಂದು ತುತ್ತು. ಉರಿಯೋಕೆ ಎಣ್ಣೆ ಇಲ್ಲದೆ ದೀಪ ಬೆಳಗುತ್ತಾ? ಇಂಬಳಕ್ಕೆ ಉದ್ದ ಸಾಕ್ಸ್, ಬಟ್ಟೆಯಲ್ಲಿ ಕಟ್ಟಿದ ಉಪ್ಪು ಅಥವಾ ಹೊಗೆಸೊಪ್ಪಿನ ಪುಡಿ. ಕಚ್ಚಿದ್ದರೆ ಕಿತ್ತು ಎಳೀಬೇಡಿ, ಉಗುರಿನಿಂದ ಪಕ್ಕಕ್ಕೆ ಜಾರಿಸಿ. ರಕ್ತ ಸ್ವಲ್ಪ ಹೊತ್ತು ಹರಿಯುತ್ತೆ, ಅದರ ಎಂಜಲು ರಕ್ತ ಹೆಪ್ಪುಗಟ್ಟೋಕೆ ಬಿಡಲ್ಲ, ಗಾಬರಿ ಬೇಡ.

ನಾಲ್ಕನೆಯದು ವಸ್ತು ಅಲ್ಲ, ಜೋಡಿ. ಎಂಟು ಜನ, ನಾಲ್ಕು ಜೋಡಿ. ಗಂಟೆಗೊಮ್ಮೆ ಒಬ್ಬರನ್ನೊಬ್ಬರು ನೋಡಬೇಕು: ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸು. ಮತ್ತಿಕೆರೆಯಿಂದ ಮೆಜೆಸ್ಟಿಕ್‌ಗೆ ಹೋಗೋ ಬಸ್ ಸ್ಟಾಪುಗಳನ್ನ ವರಸೆಯಾಗಿ ಹೇಳು. ತಡವರಿಸಿದರೆ ನಡಿಗೆ ನಿಲ್ಲಿಸಿ ಸೂರಿಗೆ. ಈ ಬಸ್ ಸ್ಟಾಪ್ ಪ್ರಶ್ನೆ ಸೇರಿಸಿದ್ದು ನಮ್ಮ ಅದೇ ಗೆಳೆಯ. ಬೆಳಗಿನಿಂದ ಸಂಜೆವರೆಗೆ ಬೇರೆಯವರ ಕೋಡಿನಲ್ಲಿ ತಪ್ಪು ಹುಡುಕೋದೇ ಅವನ ಕೆಲಸ, ಟೆಸ್ಟ್ ಕೇಸ್ ಬರೆಯೋದು ಅವನಿಗೆ ಹೇಳಿಕೊಡಬೇಕಿಲ್ಲ.

ಗುರುವಾರ ಸಂಜೆ ಆರು ಗಂಟೆ

ಗುಂಪಿನ ಟ್ರಿಪ್‌ನಲ್ಲಿ ಕಷ್ಟದ ಕೆಲಸ ಟೆಂಟ್ ಹಾಕೋದಲ್ಲ, ‘ಬೇಡ’ ಅನ್ನೋದು. ರಜೆ ಮಂಜೂರಾಗಿರುತ್ತೆ, ದುಡ್ಡು ಕಟ್ಟಿರುತ್ತೆ, ಸ್ಟೇಟಸ್ ಹಾಕಿಯಾಗಿರುತ್ತೆ. ಅದಕ್ಕೇ ನಿಯಮವನ್ನ ಒಂದು ತಿಂಗಳು ಮುಂಚೆ, ಎಲ್ಲರ ತಲೆ ತಣ್ಣಗಿದ್ದಾಗ ಬರೆದುಕೊಂಡ್ವಿ. ಹವಾಮಾನ ಇಲಾಖೆಯ ಎಚ್ಚರಿಕೆಯನ್ನ ಗುರುವಾರ ಸಂಜೆ ಆರು ಗಂಟೆಗೆ ನೋಡೋದು. ಹಳದಿ ಇದ್ದರೆ ಹೋಗೋದು, ಗುಡ್ಡ ಹತ್ತೋದು ಬೇಡ. ಕಿತ್ತಳೆ ಅಥವಾ ಕೆಂಪು ಇದ್ದರೆ ಟ್ರಿಪ್ ಇಲ್ಲ. ವೋಟಿಂಗ್ ಇಲ್ಲ, ಚರ್ಚೆ ಇಲ್ಲ.

ಈ ಬಣ್ಣಗಳು ಅಲಂಕಾರಕ್ಕಲ್ಲ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಇಲಾಖೆಯ ಭಾಷೆಯಲ್ಲಿ ‘ಭಾರಿ ಮಳೆ’, 115.6ರಿಂದ ‘ಅತಿ ಭಾರಿ’, 204.5ರಿಂದ ಮೇಲೆ ‘ಅತ್ಯಂತ ಭಾರಿ’. ಘಾಟಿಯ ದಾರಿಗಳಿಗೆ ಇದು ಸಾವು ಬದುಕಿನ ಲೆಕ್ಕ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಹಲವು ಕಡೆ ಗುಡ್ಡ ಕುಸಿದು ರಸ್ತೆ ಮುಚ್ಚಿತ್ತು. 2024ರ ಜುಲೈನಲ್ಲಿ ಶಿರಾಡಿಯಲ್ಲೂ ಕುಸಿತ ಆಯಿತು. ಸಿಡಿಲಿಗೆ ‘ದಾಮಿನಿ’ ಆ್ಯಪ್ ಇದೆ, ಅದನ್ನೂ ಹಾಕಿಕೊಂಡಿದ್ವಿ.

ಜುಲೈ ಎರಡನೇ ವಾರದ ಗುರುವಾರ. ಆರು ಗಂಟೆಗೆ ನಾನು ಆಫೀಸ್ ಕ್ಯಾಬಿನಲ್ಲಿದ್ದೆ, ಬಿಇಎಲ್ ಸರ್ಕಲ್‌ನಲ್ಲಿ ಟ್ರಾಫಿಕ್. ಚಿಕ್ಕಮಗಳೂರು ಜಿಲ್ಲೆ: ಕಿತ್ತಳೆ.

‘ಕ್ಯಾನ್ಸಲ್’ ಅಂತ ಟೈಪ್ ಮಾಡಿ ಐದು ನಿಮಿಷ ಕಳಿಸದೆ ಕೂತಿದ್ದೆ. ಒಬ್ಬಳು ಪುಣೆಯಿಂದ ಟಿಕೆಟ್ ಮಾಡಿದ್ದಳು. ಕಳಿಸಿದೆ. ನಿರೀಕ್ಷೆ ಮಾಡಿದ್ದೇ ಆಯಿತು: ‘ಮೂಡಿಗೆರೆಯಲ್ಲಿ ನನ್ನ ಕಸಿನ್ ಇದ್ದಾನೆ, ಬಿಸಿಲು ಅಂತೆ’, ‘ಹೋಗಿ ನೋಡೋಣ, ಜಾಸ್ತಿ ಆದ್ರೆ ಬರೋಣ’, ‘6,400 ಹೋಯ್ತಲ್ಲ’. ನಾನು ಉತ್ತರ ಕೊಡಲಿಲ್ಲ. ಹತ್ತು ನಿಮಿಷ ಆದಮೇಲೆ ಹೋದ ವರ್ಷದ ಆ ಗೆಳೆಯ ಒಂದೇ ಸಾಲು ಬರೆದ: ‘ರೂಲ್ ಅಂದ್ರೆ ರೂಲ್. ನನ್ನ 800 ನಾನು ಬಿಟ್ಟೆ.’ ಗುಂಪು ತಣ್ಣಗಾಯಿತು.

ಆ ವಾರಾಂತ್ಯ ಅಲ್ಲಿ ಏನೂ ದೊಡ್ಡ ಅನಾಹುತ ಆಗಲಿಲ್ಲ. ‘ನೋಡು, ಹೋಗಬಹುದಿತ್ತು’ ಅಂತ ಇಬ್ಬರು ಅಂದರು. ಇರಬಹುದು. ಹೆಲ್ಮೆಟ್ ಹಾಕಿದ ದಿನ ಬೀಳಲಿಲ್ಲ ಅಂತ ಹೆಲ್ಮೆಟ್ ದಂಡ ಅನ್ನೋಕಾಗುತ್ತಾ?

ಆಗಸ್ಟ್‌ನಲ್ಲಿ

ಮೂರು ವಾರ ಬಿಟ್ಟು ಹಳದಿ ಬಂತು. ಹೊರಡೋ ಹಿಂದಿನ ಸಂಜೆ ನಾನು ಎರಡು ಬೀದಿ ದಾಟಿ ಅವನ ಮನೆಗೆ ಹೋದೆ. ಅವನು ಇರಲಿಲ್ಲ, ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ಆಂಟಿ ಬಾಗಿಲಲ್ಲಿ ಅವರೆಕಾಯಿ ಬದಲು ಹುರುಳಿಕಾಯಿ ಬಿಡಿಸ್ತಾ ಕೂತಿದ್ದರು. ‘ಹೋದ ವರ್ಷ ನಾನು ಸುಳ್ಳು ಹೇಳಿದ್ದೆ’ ಅಂತ ಶುರು ಮಾಡಿ ಎಲ್ಲಾ ಹೇಳಿದೆ. ಜಿಪ್, ಬಸ್, ನಗು, ರೈಟರು. ಅವರು ಹುರುಳಿಕಾಯಿ ಬುಟ್ಟಿ ಪಕ್ಕಕ್ಕಿಟ್ಟು ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ಹೋಗಬೇಡಿ ಅಂತಾರೆ ಅಂದುಕೊಂಡೆ.

‘ಈ ಸಲ ನೀನೇ ನೋಡ್ಕೋತೀಯಲ್ವಾ?’ ಅಂದರು. ಒಳಗೆ ಹೋಗಿ ಒಂದು ಉಣ್ಣೆಯ ಮಫ್ಲರ್ ತಂದು ಕೊಟ್ಟರು. ‘ಅವನಿಗೆ ಕೊಟ್ರೆ ಬಿಟ್ಟು ಹೋಗ್ತಾನೆ. ನಿನ್ನ ಚೀಲದಲ್ಲಿಟ್ಕೋ.’

ರಾತ್ರಿ ಹೊರಟು ಹಾಸನ, ಬೇಲೂರು ದಾಟಿ ಬೆಳಕು ಹರಿಯೋ ಹೊತ್ತಿಗೆ ಮೂಡಿಗೆರೆ. ಕೊಟ್ಟಿಗೆಹಾರದಲ್ಲಿ ನೀರ್ದೋಸೆ. ಗುಡ್ಡಕ್ಕೆ ಹೋಗಲಿಲ್ಲ, ತೋಟದೊಳಗೇ ಎರಡು ಗಂಟೆ ಓಡಾಡಿದ್ವಿ. ಟೆಂಟನ್ನು ತುಸು ಎತ್ತರದ ಜಾಗದಲ್ಲಿ, ಹಳ್ಳದಿಂದ ದೂರ, ಮೇಲೆ ಒಣ ಕೊಂಬೆ ಇಲ್ಲದ ಕಡೆ ಹಾಕಿದ್ವಿ. ರಾತ್ರಿ ಹನ್ನೊಂದಕ್ಕೆ ಮಳೆ ಜೋರಾಯಿತು. ಒಂದು ಟೆಂಟಿನ ಹೊಲಿಗೆ ಒಂದೂವರೆಗೆ ಸೋರೋಕೆ ಶುರುವಾಯಿತು. ಅದರಲ್ಲಿದ್ದ ಇಬ್ಬರು ಯಾವ ವೀರಾವೇಶವೂ ಇಲ್ಲದೆ ಚೀಲ ಎತ್ತಿಕೊಂಡು ಗೋದಾಮಿಗೆ ಹೋಗಿ ಮಲಗಿದರು. ಅಷ್ಟೇ ಕಥೆ. ಒಂದು ಒಳ್ಳೆಯ ಪ್ಲ್ಯಾನ್ ಇದ್ದರೆ ಹೇಳೋಕೆ ಕಥೆಯೇ ಇರಲ್ಲ.

ಮೂರು ಗಂಟೆಗೆ ನನಗೆ ಎಚ್ಚರವಾಯಿತು. ಪಕ್ಕದ ಟೆಂಟಿಗೆ ಟಾರ್ಚ್ ಬಿಟ್ಟು, ‘ಮತ್ತಿಕೆರೆ ಆದಮೇಲೆ ಯಾವ ಸ್ಟಾಪ್?’ ಅಂದೆ. ‘ಯಶವಂತಪುರ. ಮಲಗು ಹೋಗೇ’ ಅಂತ ಒಳಗಿನಿಂದ ಉತ್ತರ ಬಂತು. ಸ್ಪಷ್ಟವಾಗಿ, ಸ್ವಲ್ಪ ಸಿಟ್ಟಿನಿಂದ. ನನಗೆ ಅಷ್ಟು ಸಾಕಿತ್ತು.

ಬೆಳಿಗ್ಗೆ ಕಾಫಿ ಕುಡೀತಾ ಆ ಹಳೇ ವಿಡಿಯೊ ತೋರಿಸಿದೆ. ಅವನು ಅಲ್ಲಿಯವರೆಗೆ ನೋಡಿರಲೇ ಇಲ್ಲ. ಎರಡು ಸಲ ನೋಡಿದ. ಡಿಲೀಟ್ ಮಾಡಲಾ ಅಂತ ಕೇಳಿದೆ. ‘ಬೇಡ. ಮುಂದಿನ ಸಲ ಹೊಸಬರು ಬಂದ್ರೆ ಹೊರಡೋ ಮುಂಚೆ ತೋರಿಸು’ ಅಂದು, ಅಮ್ಮನ ಮಫ್ಲರ್ ಸರಿ ಮಾಡಿಕೊಂಡ.

ಕೊನೆಯ ಒಂದು ಮಾತು: ಟೆಂಟನ್ನ ಒದ್ದೆಯಾಗಿಯೇ ಸುತ್ತಿಟ್ಟರೆ ಬೂಷ್ಟು ಹಿಡಿಯುತ್ತೆ. ನಮ್ಮದು ಮತ್ತಿಕೆರೆಯ ಮೋಡದಲ್ಲಿ ಒಣಗೋಕೆ ನಾಲ್ಕು ದಿನ ಹಿಡೀತು. ಐದನೇ ದಿನ ಮಡಿಚೋಕೆ ಮೇಲೆ ಹೋದರೆ, ಒಳಗೆ ಹಪ್ಪಳ ಹರಡಿತ್ತು. ‘ಕಾಗೆ ಕಾಟ ಇಲ್ಲ, ಒಂದು ವಾರ ಇರಲಿ ಬಿಡು’ ಅಂದರು ಅಮ್ಮ.